ಅಟ್ಟದ ಕೀಲಿಯೂ ಆರು ಫ್ಯಾನಿನ ಮಿಷನ್ನೂ

ಹಾಲ್ಕುರಿಕೆಯ ಹಾಲಿನ ಡೇರಿ ಸೆಕ್ರೆಟರಿ ಶಂಭುಲಿಂಗಯ್ಯನವರಿಗೆ ಐವತ್ತೊಂದು ವರ್ಷ ತುಂಬಿ ಎರಡು ತಿಂಗಳಾಗಿತ್ತು. ಇಷ್ಟು ವರ್ಷದಲ್ಲಿ ಅವರು ಎರಡರಲ್ಲಿ ಒಂದನ್ನು ಆರಿಸಿಕೊಂಡಿದ್ದನ್ನು ಕಣ್ಣಾರೆ ಕಂಡವರು ಊರಿನಲ್ಲಿ ಯಾರೂ ಇರಲಿಲ್ಲ. ತಿಪಟೂರಿನ ಹೋಟೆಲಿನಲ್ಲಿ ಮಸಾಲೆ ದೋಸೆಯೋ ಸೆಟ್ ದೋಸೆಯೋ ಎಂದು ಅವರು ಯೋಚಿಸಿ ಮುಗಿಸುವಷ್ಟರಲ್ಲಿ ಹಿಟ್ಟೇ ಖಾಲಿಯಾಗಿ, ಮಾಣಿ ತಾನಾಗಿ ಒಂದು ಕಾಫಿ ತಂದಿಟ್ಟು ಹೋಗುತ್ತಿದ್ದ. ಮದುವೆಗೆಂದು ಎರಡು ಹೆಣ್ಣು ನೋಡಿ ಬಂದು ಏಳು ತಿಂಗಳು ಆಲೋಚಿಸಿದ್ದರು. ಅಷ್ಟರಲ್ಲಿ ಒಬ್ಬಳಿಗೆ ಬೇರೆ ಕಡೆ ಮದುವೆಯಾಗಿ ಸೀಮಂತವೂ ಆಗಿತ್ತು. "ಇವ್ರು ನನ್ನ ಒಪ್ಪಿ ಮದ್ವೆಯಾದ್ರು ಅನ್ಕೋಬೇಡಿ, ನಾನು ಮಿಕ್ಕಿದ್ದೆ ಅಷ್ಟೆ" ಎಂದು ಹೆಂಡತಿ ಭಾಗ್ಯ ಈಗಲೂ ಬಂದವರಿಗೆ ಕಾಫಿ ಕೊಡುತ್ತಾ ಹೇಳುವುದುಂಟು.

ಇದರಿಂದ ಯಾರಿಗೂ ತೊಂದರೆ ಇರಲಿಲ್ಲ. ಶಂಭುಲಿಂಗಯ್ಯನವರಿಗೆ ಮಾತ್ರ ಒಂದು ತೊಂದರೆ ಇತ್ತು. ಅದು ಅಟ್ಟದ ಕೀಲಿ.

ತೆಂಗಿನ ಸೀಮೆಯಲ್ಲಿ ಮನೆಯ ಯಜಮಾನ ಯಾರೆಂದು ರೇಷನ್ ಕಾರ್ಡು ನೋಡಿ ತಿಳಿಯುವುದಲ್ಲ. ಅಟ್ಟದ ಕೀಲಿ ಯಾರ ಸೊಂಟದಲ್ಲಿದೆ ಎಂದು ನೋಡಬೇಕು. ತೋಟದಿಂದ ಬಂದ ಕಾಯನ್ನು ಅಟ್ಟಕ್ಕೆ ಹಾಕಿ ಹತ್ತು ತಿಂಗಳು, ಹನ್ನೊಂದು ತಿಂಗಳು ಕಾಯಬೇಕು. ಒಳಗಿನ ನೀರು ಇಂಗಿ, ತಿರುಳು ಚಿಪ್ಪು ಬಿಟ್ಟು, ಕಾಯಿ ಅಲ್ಲಾಡಿಸಿದರೆ ಲೊಡಲೊಡ ಎನ್ನಬೇಕು. ಆಗ ಅದು ಕೊಬ್ಬರಿ. ಅದಾದ ಮೇಲೆ ರೇಟು ಏರುತ್ತದೋ ಇಳಿಯುತ್ತದೋ ಎಂದು ಮೂಗಿನಲ್ಲೇ ಮೂಸಿ ಹಿಡಿದು ಮಾರಬೇಕು. ಶಂಭುಲಿಂಗಯ್ಯನವರ ತಾಯಿ ಗುರುಶಾಂತಮ್ಮನವರು ನಲವತ್ತು ವರ್ಷದಿಂದ ಈ ಕೆಲಸ ಮಾಡುತ್ತಿದ್ದರು. ತಿಪಟೂರಿನ ಮಂಡಿಯಲ್ಲಿ ಅವರ ಚೀಲವನ್ನು ಯಾರೂ ಬಿಚ್ಚಿ ನೋಡುತ್ತಿರಲಿಲ್ಲ. "ಗುರುಶಾಂತಮ್ಮನ ಅಟ್ಟದ್ದಾ? ತೂಕಕ್ಕಾಕ್ರಿ" ಎನ್ನುತ್ತಿದ್ದರು, ಅಷ್ಟೆ. ಒಳಗೇ ಕೆಟ್ಟು ವಾಸನೆ ಹಿಡಿದ ಕೌಟು ಕೊಬ್ಬರಿ ಒಂದೇ ಒಂದೂ ಆ ಅಟ್ಟದಿಂದ ಇಳಿದ ದಾಖಲೆ ಇಲ್ಲ.

"ಅವ್ವ, ನಿಂಗೂ ವಯಸ್ಸಾಯ್ತು, ಏಣಿ ಹತ್ತೋದು ಕಷ್ಟ. ಕೀಲಿ ನನ್ ಕೈಗೆ ಕೊಟ್ಬುಡು" ಎಂದು ಮಗ ವರ್ಷಕ್ಕೊಮ್ಮೆ ಕೇಳುವುದು.

"ಕೊಡಾನ ಬುಡಪ್ಪ. ಮಾರಾ ದಿನ ಯಾವ್ದು ಅಂತ ಒಂದ್ಸಲ ಹೇಳು, ಕೊಡ್ತೀನಿ" ಎನ್ನುವುದು ತಾಯಿ.

"ಸೋಮವಾರ ಮಾರಿದ್ರೆ... ಇಲ್ಲ, ಗುರುವಾರನೂ ಒಳ್ಳೇದೇ..."

ಅಲ್ಲಿಗೆ ಆ ವರ್ಷದ ಅರ್ಜಿ ವಜಾ.

ಹೀಗಿರುವಾಗ ಜ್ಯೇಷ್ಠ ಮಾಸದಲ್ಲಿ ತುರುವೇಕೆರೆಯಲ್ಲಿ ಭಾಗ್ಯಳ ತಮ್ಮ ಕಾಡಸಿದ್ದಪ್ಪನ ಹೊಸ ಮನೆಯ ಗೃಹಪ್ರವೇಶ ಬಂತು. ಕಾಡಸಿದ್ದಪ್ಪ ಹನಿ ನೀರಾವರಿ ಪೈಪಿನ ಅಂಗಡಿ ಇಟ್ಟು, ಕೂಲಿಂಗ್ ಗ್ಲಾಸನ್ನು ತಲೆಯ ಮೇಲೆ ಹಾಕಿಕೊಳ್ಳುವ ಮಟ್ಟಕ್ಕೆ ಬೆಳೆದವನು. ಊಟದ ಪಂಕ್ತಿಯಲ್ಲಿ ಹೋಳಿಗೆಯ ಮೇಲೆ ತುಪ್ಪ ಬೀಳುವ ಹೊತ್ತಿಗೆ ಸರಿಯಾಗಿ ಜೇಬಿನಿಂದ ಫೋನು ತೆಗೆದ.

"ಭಾವ, ಇಲ್ನೋಡಿ. ಬಿಟ್‌ಕಾಯಿನ್. ಹೋದ ತಿಂಗ್ಳು ಒಂಚೂರು ತಗೊಂಡೆ. ನಾನು ಮಲಗಿದ್ರೂ ಅದು ಏರ್ತಾನೇ ಐತೆ."

ಪಕ್ಕದ ಎಲೆಯಲ್ಲಿದ್ದ ಮುದುಕರೊಬ್ಬರು ಬಗ್ಗಿ ನೋಡಿದರು. "ಎಲ್ಲೈತಪ್ಪ ಅದು?"

"ಇಲ್ಲೇ, ಫೋನಲ್ಲಿ ದೊಡ್ಡಪ್ಪ."

"ಫೋನು ಬಾವಿಗೆ ಬಿದ್ರೆ?"

"ಏನಾಗಲ್ಲ. ಅದು ಒಂದ್ ಕಡೆ ಅಂತ ಇರಲ್ಲ. ಎಲ್ಲಾ ಕಡೆನೂ ಇರ್ತದೆ. ಕಣ್ಣಿಗೆ ಕಾಣಲ್ಲ."

"ಶಿವ ಇದ್ದಂಗೆ ಅನ್ನು" ಎಂದು ಮುದುಕರು ಹೋಳಿಗೆಗೆ ಕೈ ಹಾಕಿದರು.

ಇಷ್ಟಕ್ಕೆ ಸುಮ್ಮನಿದ್ದಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಆದರೆ ಬಾಮೈದನ ಮನೆಯ ಹೋಳಿಗೆ ತಿನ್ನುತ್ತಾ ಬಾಮೈದನ ಏಳಿಗೆಯನ್ನೂ ನುಂಗಿಕೊಳ್ಳುವುದು ಯಾವ ಭಾವನಿಂದಲೂ ಆಗುವ ಕೆಲಸವಲ್ಲ. ಅದೂ ಅಲ್ಲದೆ ಶಂಭುಲಿಂಗಯ್ಯನವರು ಇದೇ ವಿಷಯದ ಮೇಲೆ ಡೇರಿಯಲ್ಲಿ ಕೂತು ಅರ್ಧ ವಿಡಿಯೋ ನೋಡಿದ್ದರು. ಇನ್ನರ್ಧ ನೋಡುವಷ್ಟರಲ್ಲಿ ಹಾಲಿನ ಗಾಡಿ ಬಂದಿತ್ತು.

"ಕೊಳ್ಳೋದೇನು ದೊಡ್ಡ ವಿಷಯ ಸಿದ್ದು?" ಎಂದರು, ಇಡೀ ಪಂಕ್ತಿಗೆ ಕೇಳುವಂತೆ. "ತೋಟ ಇಟ್ಕೊಂಡೋನು ಸಂತೇಲಿ ತೆಂಗಿನಕಾಯಿ ಕೊಳ್ತಾನಾ? ನಾನು ಮಿಷನ್ನೇ ಕಟ್ಟಿಸ್ತಾ ಇದೀನಿ. ಕಂಪ್ಯೂಟರ್ ಮಿಷನ್ನು. ಮನೇಲೇ ಉತ್ಪಾದನೆ!"

ಪಂಕ್ತಿ ಒಂದು ಕ್ಷಣ ಕೈ ತಡೆಯಿತು. ಪಲ್ಯ ಬಡಿಸುತ್ತಿದ್ದ ಭಾಗ್ಯ ಸೌಟು ಹಿಡಿದು ಹಾಗೇ ನಿಂತಳು. ಕಾಡಸಿದ್ದಪ್ಪ ಕೂಲಿಂಗ್ ಗ್ಲಾಸನ್ನು ತಲೆಯಿಂದ ಇಳಿಸಿ, "ಹಂಗಾದ್ರೆ ಆಷಾಢ ಮುಗಿಯೋದ್ರೊಳಗೆ ನೋಡೋಕೆ ಬತ್ತೀನಿ ಭಾವ" ಎಂದ.

ವಾಪಸು ಬರುವಾಗ ಬಸ್ಸಿನಲ್ಲಿ ಭಾಗ್ಯ ಕೇಳಿದ್ದು ಒಂದೇ ಮಾತು. "ರೀ, ನಿಜವಾಗ್ಲೂ ಕಟ್ಟಿಸ್ತೀರಾ, ಇಲ್ಲಾ ಸಿದ್ದೂ ಥರ ಕೊಳ್ತೀರಾ?"

"ಅದನ್ನೇ ಯೋಚ್ನೆ ಮಾಡ್ತಾ ಇದೀನಿ ಕಣೇ" ಎಂದರು ಶಂಭುಲಿಂಗಯ್ಯ. ಭಾಗ್ಯ ಕಿಟಕಿಯ ಕಡೆ ತಿರುಗಿ ಕಣ್ಣು ಮುಚ್ಚಿಕೊಂಡಳು. ಇದು ಎಷ್ಟು ದಿನದ ಪ್ರಯಾಣವೆಂದು ಅವಳಿಗೆ ಗೊತ್ತಿತ್ತು.

ತಿಪಟೂರಿನಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟ ಮುಜಾಫರ್ ಡೇರಿಯ ಹಾಲು ಅಳೆಯುವ ಮಿಷನ್ನನ್ನು ಮೂರು ಸಲ ಬದುಕಿಸಿದ ಮನುಷ್ಯ. ಸುಳ್ಳು ಹೇಳದಿರುವುದೇ ಅವನ ವ್ಯಾಪಾರದ ದೊಡ್ಡ ಅಡಚಣೆಯೆಂದು ಅವನ ಅಪ್ಪ ಮೆಹಬೂಬ್ ಪಾಷಾ ಎಲ್ಲರೆದುರಿಗೂ ಬೈಯುತ್ತಿದ್ದರು.

"ಅಣ್ಣಾ, ಬಿಡಿಸಿ ಹೇಳ್ತೀನಿ ಕೇಳಿ" ಎಂದ ಮುಜಾಫರ್, ಅಂಗಡಿಗೆ ಬಂದು ಕೂತ ಶಂಭುಲಿಂಗಯ್ಯನವರಿಗೆ. "ಈ ಮಿಷನ್ನು ಹಗಲೂ ರಾತ್ರಿ ಲೆಕ್ಕ ಮಾಡ್ತಾ ಇರ್ತದೆ. ದುನಿಯಾದಲ್ಲಿ ಇಂಥವು ಲಕ್ಷಾಂತರ ಅವೆ. ಎಲ್ಲಾ ಸೇರಿ ಲೆಕ್ಕ ಬಿಡಿಸಿದ್ರೆ ಕೂಲಿ ಅಂತ ಒಂಚೂರು ಕಾಯಿನ್ ಬರ್ತದೆ, ಅದ್ರಲ್ಲಿ ನಿಮ್ಗೆ ಒಂದು ತೊಟ್ಟು. ಬಿಟ್‌ಕಾಯಿನ್ ಅಂತೂ ಮನೇಲಿ ಆಗಲ್ಲ, ಅದು ದೊಡ್ಡೋರ ಆಟ. ಸಣ್ಣಪುಟ್ಟ ಬೇರೆ ಕಾಯಿನ್ ಅವೆ, ಅದು ಮಾಡ್ಬಹುದು."

"ಹಂಗಾದ್ರೆ ಕಟ್ಟೋದು ಲಾಭನೋ, ಕೊಳ್ಳೋದು ಲಾಭನೋ?"

"ಕೊಂಡ್ರೆ, ರೇಟು ಬಿದ್ರೆ ಲಾಸು. ಕಟ್ಟಿದ್ರೆ, ರೇಟು ಬಿದ್ರೂ ಲಾಸು, ಬೀಳ್ದೇ ಇದ್ರೂ ಕರೆಂಟ್ ಬಿಲ್ ಲಾಸು."

ಒಳಗಿನಿಂದ ಮೆಹಬೂಬ್ ಪಾಷಾ ಜೋರಾಗಿ ಕೆಮ್ಮಿದರು.

ಎರಡೂ ಕಡೆ ಲಾಸು ಎಂದರೆ ಬುದ್ಧಿವಂತ ಎದ್ದು ಮನೆಗೆ ಹೋಗುತ್ತಾನೆ. ಶಂಭುಲಿಂಗಯ್ಯನವರಿಗೆ ಮಾತ್ರ ಎರಡೂ ಸಮ ತೂಗುತ್ತಿರುವುದರಿಂದ ಇನ್ನೂ ಸೂಕ್ಷ್ಮವಾಗಿ ಆಲೋಚಿಸಬೇಕು ಅನ್ನಿಸಿತು. ಅವರು ಒಂದೂವರೆ ಗಂಟೆ ಆಲೋಚಿಸಿದರು. ಕಡೆಗೆ ಮುಜಾಫರ್‌ಗೇ ಅಂಗಡಿ ಮುಚ್ಚಿ ನಮಾಜಿಗೆ ಹೋಗಬೇಕಾಗಿ ಬಂದು, "ಒಂದ್ ಕೆಲ್ಸ ಮಾಡಿ. ಮುಚ್ಚಿಹೋದ ಗೇಮ್ ಸೆಂಟರ್‌ದು ಹಳೇ ಮಿಷನ್ ಒಂದು ಮಾರಾಟಕ್ಕೆ ಬಂದದೆ, ಒಂದು ಲಕ್ಷದ ನಲವತ್ತು ಸಾವ್ರ. ಒಂದ್ ತಿಂಗ್ಳು ಮನೇಲಿಟ್ಟು ಓಡ್ಸಿ ನೋಡಿ. ಒಪ್ಪಿದ್ರೆ ದುಡ್ಡು ಕೊಡಿ, ಇಲ್ದಿದ್ರೆ ವಾಪಸ್ ತಗೊಂಡು ಹೋಗ್ತೀನಿ" ಎಂದ.

ತೀರ್ಮಾನ ಮಾಡದೆಯೇ ಮಿಷನ್ನು ಮನೆಗೆ ಬರುತ್ತದೆ! ಶಂಭುಲಿಂಗಯ್ಯನವರಿಗೆ ಈ ಏರ್ಪಾಟು ತಮಗಾಗಿಯೇ ಹುಟ್ಟಿದ್ದೆನಿಸಿತು.

ಮಿಷನ್ನು ಬಂತು. ಕೋಳಿ ಗೂಡಿನಂಥ ಒಂದು ಕಬ್ಬಿಣದ ಚೌಕಟ್ಟು, ಅದರ ಮೇಲೆ ಇಟ್ಟಿಗೆ ಜೋಡಿಸಿದ ಹಾಗೆ ಕರೀ ಡಬ್ಬಗಳು, ಆರು ಫ್ಯಾನು, ಒಂದು ಮೂಟೆ ವೈರು. ಆನ್ ಮಾಡಿದರೆ ಗಿರಣಿಯ ಸದ್ದು. ದೇವರ ಮನೆಯ ಪಕ್ಕ ಬೇಡವೆಂದರು ಗುರುಶಾಂತಮ್ಮ. ಅಡುಗೆ ಮನೆಯ ಪಕ್ಕ ಬೇಡವೆಂದಳು ಭಾಗ್ಯ. ಉಳಿದದ್ದು ಹಿತ್ತಲ ಕೊಬ್ಬರಿ ಮನೆ: ಕೆಳಗೆ ಖಾಲಿ ನೆಲ, ಮೇಲೆ ಅಡಿಕೆ ದಬ್ಬೆಯ ಅಟ್ಟ, ಅದರ ತುಂಬ ಹೋದ ದಸರಾದಲ್ಲಿ ಹಾಕಿದ ಆರು ಸಾವಿರ ಕಾಯಿ.

ಗುರುಶಾಂತಮ್ಮ ಬಾಗಿಲಲ್ಲಿ ನಿಂತು ಮಿಷನ್ನಿನ ಹತ್ತಿರ ಅಂಗೈ ಹಿಡಿದು ನೋಡಿದರು. "ಇದೇನ್ಲಾ ಶಂಭು, ಒಲೆ ಇದ್ದಂಗೈತೆ? ಏನ್ ಮಾಡ್ತೈತೆ ಇದು?"

ಶಂಭುಲಿಂಗಯ್ಯನವರ ಮುಂದೆ ಎರಡು ದಾರಿಯಿತ್ತು. ಕಣ್ಣಿಗೆ ಕಾಣದ, ಎಲ್ಲ ಕಡೆಯೂ ಇರುವ, ಶಿವನಂಥ ದುಡ್ಡು ಮಾಡುತ್ತದೆ ಎಂದು ನಿಜ ಹೇಳಿ, ಅಟ್ಟದ ಕೀಲಿಯ ಆಸೆಯನ್ನು ಶಾಶ್ವತವಾಗಿ ಬಿಡುವುದು ಒಂದು. ಸುಳ್ಳು ಹೇಳುವುದು ಇನ್ನೊಂದು. ಯೋಚಿಸಲು ಹೊತ್ತು ಸಿಕ್ಕಿದ್ದರೆ ಎರಡೂ ಹೇಳುತ್ತಿರಲಿಲ್ಲ. ಆದರೆ ತಾಯಿ ಮುಖವನ್ನೇ ನೋಡುತ್ತಿದ್ದರು.

"ಕಾಯಿ ಒಣಗ್ಸಾ ಮಿಷನ್ನು ಕಣವ್ವ" ಎಂಬ ಮಾತು ತಾನಾಗಿ ಬಾಯಿಂದ ಬಿತ್ತು. "ಹೊಸಾದು. ಮಳೆಗಾಲದಲ್ಲಿ ಅಟ್ಟಕ್ಕೆ ಥಂಡಿ ಆಗ್ಬಾರ್ದು ನೋಡು."

ಗುರುಶಾಂತಮ್ಮ ಮಗನನ್ನು ಮೇಲಿಂದ ಕೆಳಗೆ ನೋಡಿದರು. "ಕಾಯಿಗೇನಾದ್ರೂ ಆಗ್ಲಿ, ಒಂದು ಕೌಟು ಬಂತೋ, ಕೀಲಿ ಸುದ್ದಿ ಈ ಜನ್ಮದಲ್ಲಿ ಎತ್ತಂಗಿಲ್ಲ" ಎಂದರು. ಬಾಗಿಲಲ್ಲೇ ಇದ್ದ ಭಾಗ್ಯ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದಳು.

ಆಷಾಢದ ಜಡಿ ಹಿಡಿಯಿತು. ಊರಿನ ಅಟ್ಟಗಳೆಲ್ಲ ಥಂಡಿ ಕುಡಿದು ಕಾಯಿಗಳು ಮಾತು ನಿಲ್ಲಿಸಿದವು. ಶಂಭುಲಿಂಗಯ್ಯನವರ ಹಿತ್ತಲಲ್ಲಿ ಮಾತ್ರ ಆರು ಫ್ಯಾನು ಬಿಸಿಗಾಳಿಯನ್ನು ಹಗಲಿರುಳು ಅಟ್ಟಕ್ಕೆ ಊದುತ್ತಿದ್ದವು. ಅವರು ಗಳಿಗೆಗೊಮ್ಮೆ ಫೋನು ನೋಡುವರು. ಮೂರು ದಿನಕ್ಕೆ ಮೂವತ್ತೊಂದು ರೂಪಾಯಿ. ನಾಲ್ಕನೆಯ ದಿನ ನಲವತ್ತು. ಐದನೆಯ ದಿನ ರೇಟು ಬಿದ್ದು ಮೂವತ್ತಾರಕ್ಕೆ ಇಳಿಯಿತು. ದುಡಿದ ಕೂಲಿ ರಾತ್ರಿ ಕಳೆದು ಬೆಳಗಾಗುವುದರೊಳಗೆ ಕಮ್ಮಿಯಾಗುವ ಕಸುಬನ್ನು ಅವರು ಇದುವರೆಗೆ ಕಂಡಿರಲಿಲ್ಲ.

ಕಟ್ಟುವುದೋ ಕೊಳ್ಳುವುದೋ ಎಂಬುದನ್ನು ಯಾರನ್ನಾದರೂ ಕೇಳೋಣವೆಂದರೆ ಗುಟ್ಟು ರಟ್ಟಾಗುತ್ತದೆ. ಆದ್ದರಿಂದ ಡೇರಿಯಲ್ಲಿ ಹಾಲು ಹಾಕಲು ಬಂದವರನ್ನು ಸುತ್ತು ಬಳಸಿ ಕೇಳಿದರು: "ಅಲ್ಲಾ, ಸುಮ್ನೆ ಕೇಳ್ತೀನಿ. ಹಸು ಸಾಕೋದು ಮೇಲೋ, ಹಾಲು ಕೊಂಡ್ಕೊಳ್ಳೋದು ಮೇಲೋ?"

ಹಾಲಿನ ಡೇರಿ ಸೆಕ್ರೆಟರಿಯೇ ಹಾಲು ಹಾಕುವವರನ್ನು ಹೀಗೆ ಕೇಳಿದರೆ ಏನಾಗಬೇಕೋ ಅದೇ ಆಯಿತು. ಸಂಜೆಯೊಳಗೆ ಡೇರಿ ಮುಚ್ಚುತ್ತಾರೆಂದು ಸುದ್ದಿ ಹಬ್ಬಿ, ಇಬ್ಬರು ಹಸು ಮಾರಲು ಹೊರಟು, ಒಬ್ಬರು ಮಠಕ್ಕೆ ಹೋಗಿ ಸ್ವಾಮಿಗಳ ಮುಂದೆ ಅತ್ತು ಬಂದರು. ಅದನ್ನು ಸರಿಪಡಿಸಲು ಶಂಭುಲಿಂಗಯ್ಯನವರಿಗೆ ಎರಡು ದಿನ ಹಿಡಿಯಿತು.

ಅದರ ಮಾರನೆಯ ದಿನ ಬೆಳಗ್ಗೆ ಗುರುಶಾಂತಮ್ಮ ಅಟ್ಟದ ಮೇಲಿಂದ ಕೂಗಿದರು. "ಭಾಗ್ಯಾ! ಬಾ ಇಲ್ಲಿ! ಕಾಯಿ ಮಾತಾಡ್ತಾ ಐತೆ ಕಣೇ!"

ಭಾಗ್ಯ ಏಣಿ ಹತ್ತಿದಳು. ಅತ್ತೆ ಒಂದು ಕಾಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು. ಲೊಡಲೊಡ. ಇನ್ನೊಂದು. ಲೊಡಲೊಡ. ಗೌರಿ ಹಬ್ಬ ಕಳೆದ ಮೇಲೆ ಆಗಬೇಕಾದದ್ದು ಆಷಾಢದ ನಡುವಿನಲ್ಲೇ ಆಗಿಹೋಗಿತ್ತು. ಅವತ್ತಿಂದ ಗುರುಶಾಂತಮ್ಮ ದಿನಾ ಎರಡು ಹೊತ್ತು ಅಟ್ಟ ಹತ್ತಿ, ಮಿಷನ್ನಿನ ನೇರಕ್ಕೆ ಇರುವ ಕಾಯನ್ನು ಅಂಚಿಗೂ ಅಂಚಿನದನ್ನು ನಡುವಿಗೂ ಕೋಲಿನಿಂದ ಮಗುಚತೊಡಗಿದರು. ಒಂದೇ ಕಡೆ ಕಾವು ತಗುಲಿದರೆ ಕಾಯಿ ಕೆಡುತ್ತದೆಂದು ನಲವತ್ತು ವರ್ಷದ ಅನುಭವಕ್ಕೆ ಯಾರೂ ಹೇಳಬೇಕಾಗಿರಲಿಲ್ಲ. ಮಗನಿಗೆ ಇದು ತಿಳಿಯದು. ಅವರು ಫೋನು ನೋಡುತ್ತಿದ್ದರು.

ಹಟ್ಟಿಯಿಂದ ಹಾಲು ತರುವ ಕಾಳಕ್ಕನ ಕಿವಿಗೆ ಈ ವಿಷಯ ಬಿತ್ತು. ಮಾರನೆಯ ದಿನ ಅವಳೂ ಗಂಡ ಚಿತ್ತಯ್ಯನೂ ನಾಲ್ಕು ಚೀಲ ಕಾಯಿ ಹೊತ್ತು ಹಿತ್ತಲಿಗೇ ಬಂದರು. ಚಿತ್ತಯ್ಯ ಕುರಿ ಕಾಯುವವನು. ಕುರಿಗೆ ಬಳಿಯುವ ಕೆಂಪು ಬಣ್ಣವನ್ನೇ ತನ್ನ ಕಾಯಿಗಳ ಬೆನ್ನಿಗೂ ಬಳಿದು ತಂದಿದ್ದ.

"ಸೆಕೆಟ್ರಿ ಸೋಮಿ, ನಮ್ಮವೂ ಒಂದಿನ್ನೂರು ಕಾಯಿ ಮೇಲೆ ಬುಟ್ಕಳಿ. ಗುರ್ತು ಹಾಕೀವ್ನಿ, ಬೇರೆ ಹಿಂಡ್ನಾಗೆ ಸೇರಾಕಿಲ್ಲ" ಎಂದ.

"ಅದು... ಬುಡ್ಬಹುದು... ಆದ್ರೆ ಬುಡೋದು ಬೇಡ ಅಂತಾನೂ..." ಎಂದು ಶಂಭುಲಿಂಗಯ್ಯ ಶುರು ಮಾಡುವಷ್ಟರಲ್ಲಿ ಕಾಳಕ್ಕ ಎರಡು ಚೀಲ ಅಟ್ಟಕ್ಕೇರಿಸಿ ಮೂರನೆಯದಕ್ಕೆ ಕೈ ಹಾಕಿದ್ದಳು.

ಒಂದೇ ವಾರ. ಸುಣ್ಣದ ಬೊಟ್ಟಿನ ಕಾಯಿ, ನೀಲಿ ಗೀಟಿನ ಕಾಯಿ, ಅರಿಶಿನದ ದಾರ ಕಟ್ಟಿದ ಕಾಯಿ, ಮೊಮ್ಮಗಳ ಉಗುರಿನ ಬಣ್ಣ ಬಳಿದ ಕಾಯಿ. ಅಟ್ಟ ಕುರಿ ಸಂತೆಯಂತಾಯಿತು. ಬಂದವರಿಗೆಲ್ಲ ಭಾಗ್ಯ ಕಾಫಿ ಕೊಟ್ಟು ಕೊಟ್ಟು ಸುಸ್ತಾಗಿ, ಹಿತ್ತಲ ಬಾಗಿಲಲ್ಲಿ ಒಂದು ಕೊಡ ನೀರು, ಲೋಟ ಇಟ್ಟು ಕೈ ತೊಳೆದುಕೊಂಡಳು.

ಆಮೇಲೆ ಲೈನ್‌ಮನ್ ಭೀಮರಾಜು ಬಂದ. ಮೀಟರಿನ ಮುಂದೆ ಕೈ ಕಟ್ಟಿ ನಿಂತ. "ಏನ್ ಸಾರ್ ಇದು, ಮೀಟ್ರು ಬುಗುರಿ ತಿರುಗ್ದಂಗೆ ತಿರುಗ್ತೈತೆ? ಮನೇಲಿ ಗಿರಣಿ ಇಟ್ರಾ?"

ಶಂಭುಲಿಂಗಯ್ಯ ಹಿತ್ತಲ ಬಾಗಿಲಿಗೆ ಅಡ್ಡ ನಿಂತರು. ಅಷ್ಟರಲ್ಲಿ ಗುರುಶಾಂತಮ್ಮನವರೇ ಹೆಮ್ಮೆಯಿಂದ, "ಗಿರಣಿ ಅಲ್ಲ ಕಣಪ್ಪ, ಕಾಯಿ ಒಣಗ್ಸಾ ಮಿಷನ್ನು. ನನ್ ಮಗ ತಂದವ್ನೆ" ಎಂದು ಕರೆದುಕೊಂಡು ಹೋಗಿ ತೋರಿಸಿದರು. ಭೀಮರಾಜು ಮಿಷನ್ನನ್ನು ಎರಡು ಸುತ್ತು ಸುತ್ತಿದ. ಒಂದು ಕಾಯಿ ಅಲ್ಲಾಡಿಸಿದ. ಮೀಟರಿನ ಮಾತು ಅಲ್ಲಿಗೇ ಮರೆತು, "ಸಾರ್, ನಮ್ಮತ್ತೆ ಮನೇದು ಒಂದು ಮುನ್ನೂರು ಕಾಯಿ ಥಂಡಿ ಹಿಡ್ಕೊಂಡು ಕೂತವೆ..." ಎಂದು ತಲೆ ಕೆರೆದುಕೊಂಡ. ಬಿಲ್ಲು ಸುಮಾರು ನಾಲ್ಕು ಸಾವಿರ ದಾಟುತ್ತದೆ ಎಂದು ಹೋಗುವಾಗ ಪ್ರೀತಿಯಿಂದ ತಿಳಿಸಿದ.

ಭೀಮರಾಜು ಕಂಬ ಹತ್ತಿದ ಊರಲ್ಲೆಲ್ಲ ಈ ಸುದ್ದಿಯನ್ನೂ ಹತ್ತಿಸಿದ. ಮಿಷನ್ನು ಬಂದು ಇಪ್ಪತ್ತೆರಡನೆಯ ದಿನ ಮಧ್ಯಾಹ್ನ ತೋಟಗಾರಿಕೆ ಆಫೀಸರು ಕೃಷ್ಣಕುಮಾರ್ ಸಾಹೇಬರು ಜೀಪಿನಲ್ಲಿ ಬಂದಿಳಿದರು. ಅವರು ಸದಾ ಭಾಷಣದ ಭಾಷೆಯಲ್ಲೇ ಮಾತಾಡುವವರು. ಮನೆಯಲ್ಲಿ ಉಪ್ಪು ಕೇಳುವಾಗಲೂ ಹಾಗೇ ಎಂದು ಜೀಪಿನ ಡ್ರೈವರು ಹೇಳಿದ. ಹಿತ್ತಲಲ್ಲಿ ಅರ್ಧ ಊರು ಸೇರಿತು. ಜಡಿಮಳೆ ಕೂಡ ನೋಡುವುದಕ್ಕೆಂಬಂತೆ ನಿಂತಿತು.

"ಮಾನ್ಯ ಶಂಭುಲಿಂಗಯ್ಯನವರೇ, ತಾವು ಪ್ರಗತಿಪರ ರೈತರು! ಹನ್ನೊಂದು ತಿಂಗಳ ಕಾಯುವಿಕೆಯನ್ನು ತಾವು ಒಂಬತ್ತಕ್ಕೆ ಇಳಿಸಿದ್ದೀರಿ. ಈ ಯಂತ್ರದ ತಾಪಮಾನವನ್ನು ಹೇಗೆ ನಿಗದಿಪಡಿಸಿದಿರಿ?"

"ಅದು... ತಾನಾಗೇ ಆಗ್ತೈತೆ ಸಾರ್."

"ಸ್ವಯಂಚಾಲಿತ!" ಎಂದು ಸಾಹೇಬರು ಜನರ ಕಡೆ ತಿರುಗಿದರು. "ಬರೆದುಕೊಳ್ಳಿ, ಸ್ವಯಂಚಾಲಿತ!" ಬರೆದುಕೊಳ್ಳುವವರು ಯಾರೂ ಇರಲಿಲ್ಲ. "ಎಲ್ಲಿ, ಒಂದು ಕಾಯಿ ಒಡೆಯಿರಿ ನೋಡೋಣ."

ಶಂಭುಲಿಂಗಯ್ಯ ಏಣಿಯ ಕಡೆ ನೋಡಿದರು. ಇಪ್ಪತ್ತೆರಡು ದಿನ ಅವರು ಒಂದು ಕಾಯನ್ನೂ ಮುಟ್ಟಿ ನೋಡಿರಲಿಲ್ಲ. ಒಳಗೆ ಕೌಟಾಗಿದ್ದರೆ? ಗುರುಶಾಂತಮ್ಮ ನಿಧಾನವಾಗಿ ಏಣಿ ಹತ್ತಿ, ಒಂದು ಕಾಯಿ ತಂದು, ಮಟ್ಟೆ ಸುಲಿಸಿ, ಮಚ್ಚಿನ ಬೆನ್ನಿನಿಂದ ಚಿಪ್ಪಿಗೆ ಮೂರು ಏಟು ಹಾಕಿದರು. ಚಿಪ್ಪು ಬಿಚ್ಚಿಕೊಂಡು, ಕಂದು ಸಿಪ್ಪೆಯ ಉಂಡೆ ಕೊಬ್ಬರಿ ಅವರ ಅಂಗೈಗೆ ಉರುಳಿತು. ಹೋಳು ಮಾಡಿದರೆ ಒಳಗೆ ಮಲ್ಲಿಗೆಯ ಬಿಳುಪು. ಜನ "ಓಹೋ" ಎಂದರು.

ಶಂಭುಲಿಂಗಯ್ಯನವರ ಕಣ್ಣು ತಾಯಿಯ ಸೊಂಟದ ಕೀಲಿಯ ಮೇಲೆ ಬಿತ್ತು. ಈಗ ಸುಮ್ಮನಿದ್ದರೆ ಸಾಕು; ಕೀಲಿ ಸಂಜೆಯೊಳಗೆ ತಮ್ಮದು.

ಅಷ್ಟರಲ್ಲಿ ಹಿತ್ತಲ ಬಾಗಿಲಲ್ಲಿ ಕೂಲಿಂಗ್ ಗ್ಲಾಸು ಕಾಣಿಸಿತು. "ಏನ್ ಭಾವ, ಇಷ್ಟೊಂದ್ ಜನ?" ಎಂದು ಕಾಡಸಿದ್ದಪ್ಪ ಒಳಗೆ ಬಂದ. "ಎಷ್ಟಾಯ್ತು ಉತ್ಪಾದನೆ?"

"ಆರು ಸಾವ್ರ ಕಾಯಿ ಕಣಪ್ಪ, ಊರ್ನೋರದ್ದು ಬೇರೆ" ಎಂದರು ಗುರುಶಾಂತಮ್ಮ.

ಕಾಡಸಿದ್ದಪ್ಪನ ಬಾಯಿ ತೆರೆದುಕೊಂಡಿತು. ಆರು ಸಾವಿರ ಕಾಯಿನ್! ಅವನ ಹತ್ತಿರ ಇದ್ದದ್ದು ಒಂದರ ಸಾವಿರದ ಒಂದು ಪಾಲೂ ಅಲ್ಲ. "ಆರು ಸಾವ್ರನಾ ಅತ್ತೆ? ಇಲ್ಲೇ? ಈ ಮಿಷನ್ನಾಗೆ?"

"ಇನ್ನೇನು, ಮೇಲೇ ಅವೆ. ಬೇಕಾದ್ರೆ ಹತ್ತಿ ನೋಡು."

ಬಾಮೈದ ಏಣಿ ಹಿಡಿದುಕೊಂಡು ನಿಂತದ್ದನ್ನು ಕಂಡು ಶಂಭುಲಿಂಗಯ್ಯನವರಿಗೆ ಆದ ಸಂತೋಷ ಇಷ್ಟೆಂದು ಹೇಳಲಾಗದು. ಆದರೆ ಅದು ಬಹಳ ಹೊತ್ತು ಇರಲಿಲ್ಲ.

"ಬಂಧುಗಳೇ!" ಸಾಹೇಬರು ಮೆಟ್ಟಿಲು ಹತ್ತಿ ನಿಂತರು. "ಇಂಥ ಯಂತ್ರ ಪ್ರತಿಯೊಬ್ಬ ರೈತನ ಮನೆಯಲ್ಲಿ ಇರಬೇಕು! ಇದರ ಬೆಲೆ ಎಷ್ಟು?"

"ಒಂದು... ಒಂದು ಲಕ್ಷದ ನಲವತ್ತು ಸಾವ್ರ ಸಾರ್."

ಜನ ಗುಜುಗುಜು ಎಂದರು. ಚಿತ್ತಯ್ಯ ಬೆರಳು ಮಡಚಿ ಲೆಕ್ಕ ಹಾಕಿದ. ಆಮೇಲೆ ಕಾಳಕ್ಕನ ಮುಖ ನೋಡಿದ. ಕಾಳಕ್ಕ ತಲೆಯಾಡಿಸಿದಳು.

"ಸೋಮಿ, ನಮ್ಗೊಂದು ಕೊಡ್ಸಿ" ಎಂದ ಚಿತ್ತಯ್ಯ. "ಬೆಳಗ್ಗೆನೇ ಹದಿನೈದು ಕುರಿ ಸಂತೆಗೆ ಹೊಡಿತೀನಿ. ನೀವು ನೋಡಿ ತಂದಿರೋ ಮಿಷನ್ನು ಅಂದ್ಮೇಲೆ ಮಾತೇನೈತೆ? ಎಲ್ಡ್ ಸಲ ಯೋಚ್ನೆ ಮಾಡ್ದೆ ನೀವು ಒಂದು ಬೀಡಿನೂ ಕೊಳ್ಳಾಕಿಲ್ಲ!"

ಶಂಭುಲಿಂಗಯ್ಯ ಚಿತ್ತಯ್ಯನನ್ನು ನೋಡಿದರು. ತಾಯಿಯ ಸೊಂಟದ ಕೀಲಿ ನೋಡಿದರು. ಭಾಗ್ಯಳನ್ನು ನೋಡಿದರು, ಅವಳು ಲೋಟ ಒರೆಸುವುದನ್ನು ನಿಲ್ಲಿಸಿ ಗಂಡನನ್ನೇ ನೋಡುತ್ತಿದ್ದಳು. ಹೇಳುವುದೋ, ಬಿಡುವುದೋ. ಇದನ್ನು ಏಳು ತಿಂಗಳು ಯೋಚಿಸಬೇಕಾಗಿತ್ತು. ಆದರೆ ಸಂತೆ ನಾಳೆಯೇ ಇತ್ತು.

"ಕುರಿ ಮಾರ್ಬೇಡ ಕಣ್ಲಾ ಚಿತ್ತಯ್ಯ!" ಎಂದು ಶಂಭುಲಿಂಗಯ್ಯ ಕೂಗಿದರು. ಅವರ ದನಿ ಅಷ್ಟು ದೊಡ್ಡದೆಂದು ಅವರಿಗೇ ಗೊತ್ತಿರಲಿಲ್ಲ. "ಇದು ಕಾಯಿ ಒಣಗ್ಸಾ ಮಿಷನ್ನಲ್ಲ. ನಾನು ಸುಳ್ಳು ಹೇಳ್ದೆ. ಇದು ದುಡ್ಡು ಮಾಡಾ ಕಂಪ್ಯೂಟ್ರು!"

ಸಾಹೇಬರು ಎತ್ತಿದ ಕೈ ಮೇಲೆಯೇ ಉಳಿಯಿತು. ಭೀಮರಾಜು ಮೆಲ್ಲಗೆ ಬಾಗಿಲ ಹತ್ತಿರ ಸರಿದು, "ನೋಟು ಪ್ರಿಂಟ್ ಮಾಡ್ತೈತಾ ಸಾರ್?" ಎಂದು ಪಿಸುಗುಟ್ಟಿದ.

"ನೋಟಲ್ಲ ಕಣಪ್ಪ. ಕಣ್ಣಿಗೆ ಕಾಣದ್ದು. ಸಿದ್ದು ಫೋನಲ್ಲಿ ಕೊಂಡವ್ನಲ್ಲ, ಆ ಜಾತೀದು. ನಾನು ಕಟ್ಟೋದೋ ಕೊಳ್ಳೋದೋ ಅಂತ ಗೊತ್ತಾಗ್ದೆ, ಒಂದ್ ತಿಂಗ್ಳು ನೋಡಾನ ಅಂತ ತಂದೆ. ಬಿಸಿ ಆಗೋದು ಅದ್ರ ಕಾಯಿಲೆ, ಗುಣ ಅಲ್ಲ."

"ಎಷ್ಟು ಮಾಡ್ತು?" ಗುರುಶಾಂತಮ್ಮನ ದನಿ ಶಾಂತವಾಗಿತ್ತು.

ಶಂಭುಲಿಂಗಯ್ಯ ಫೋನು ತೆಗೆದರು. "ಇಪ್ಪತ್ತೆರಡು ದಿನಕ್ಕೆ... ಇನ್ನೂರ ಹದಿನಾರು ರೂಪಾಯಿ." ಮತ್ತೊಮ್ಮೆ ನೋಡಿದರು. "ಅದು ನಿನ್ನೆ. ಇವತ್ತು ನೂರ ತೊಂಬತ್ತು."

"ಕರೆಂಟು ನಾಲ್ಕು ಸಾವ್ರ ದಾಟೈತೆ ಅಮ್ಮ" ಎಂದ ಭೀಮರಾಜು, ನೋಟಿನ ಭಯ ಹೋಗಿ ಮತ್ತೆ ಹತ್ತಿರ ಬಂದು.

ಕಾಡಸಿದ್ದಪ್ಪನಿಗೆ ಜೀವ ಬಂತು. ಹೊಟ್ಟೆ ಹಿಡಿದು ನಗತೊಡಗಿದ. "ನೂರ ತೊಂಬತ್ತಾ ಭಾವ! ಮನೇಲೇ ಉತ್ಪಾದನೆ!"

"ಸಿದ್ದು" ಎಂದಳು ಭಾಗ್ಯ. "ನಿಂದು ಎಷ್ಟಾಗೈತೆ, ತೆಗಿ ನೋಡಾನ."

"ನಂದಾ? ನಂದು... ಈಗ ಸಿಗ್ನಲ್ ಇಲ್ಲಕ್ಕ."

"ಭಾವಂಗೆ ಐತಲ್ಲ ಸಿಗ್ನಲ್ಲು."

ಕಾಡಸಿದ್ದಪ್ಪ ಕೂಲಿಂಗ್ ಗ್ಲಾಸನ್ನು ಕಣ್ಣಿಗೆ ಹಾಕಿಕೊಂಡ. ಮೋಡ ಕವಿದ ಹಿತ್ತಲಲ್ಲಿ ಅದಕ್ಕೆ ಬೇರೆ ಕಾರಣವಿರಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಭಾವನ ಹತ್ತಿರ ಸರಿದು, "ಅರ್ಧಕ್ಕೆ ಬಂದೈತೆ ಭಾವ, ಮನೇಲಿ ಹೇಳ್ಬೇಡಿ. ಆಮೇಲೆ... ನಮ್ಮಟ್ಟದ್ದೂ ಒಂದೈನೂರು ಕಾಯಿ ಥಂಡಿ ಹಿಡಿದವೆ" ಎಂದ.

ಸಾಹೇಬರು ಮೆಟ್ಟಿಲಿಳಿದರು. "ಹಾಗಾದರೆ ಈ ಉತ್ತಮ ಕೊಬ್ಬರಿಗೆ ಕಾರಣವೇನು?" ಎಂದು ಪಾಪ ನಿಜವಾಗಿಯೇ ಕೇಳಿದರು.

"ಕಾವು ಮಿಷನ್ನುದು ಸೋಮಿ. ದಿನಾ ಎಲ್ಡೊತ್ತು ಮಗುಚ್ತಾ ಇದ್ದೋಳು ನಾನು" ಎಂದರು ಗುರುಶಾಂತಮ್ಮ. ಆಮೇಲೆ ಮಗನ ಕಡೆ ತಿರುಗಿದರು. "ಇದ್ರಾಗೆ ದುಡ್ಡು ಮಾಡಾ ಭಾಗ ಯಾವ್ದೋ ಅದನ್ನ ಬಿಚ್ಚಿಸಿ ಕೊಟ್ಬುಡು. ಬಿಸಿ ಮಾಡಾ ಭಾಗ ಇಟ್ಕಳಾನ."

ಮುಜಾಫರ್‌ಗೆ ಫೋನು ಹೋಯಿತು. ಸಂಜೆ ಆಟೋ ತಂದ. ಮಿಷನ್ನಿನ ಹೊಟ್ಟೆಯೊಳಗೆ ಸಿಕ್ಕಿದ್ದ ತೆಂಗಿನ ನಾರನ್ನು ಕೀಳುತ್ತಾ, ಆ ಎರಡು ಭಾಗವನ್ನು ಬೇರೆ ಮಾಡಲಾಗುವುದಿಲ್ಲವೆಂದು ಗುರುಶಾಂತಮ್ಮನವರಿಗೆ ವಿನಯದಿಂದ ಹೇಳಿದ. ಚಿಪ್ಪು ಸುಟ್ಟ ಕೆಂಡವನ್ನು ಕಬ್ಬಿಣದ ಬಾಣಲೆಯಲ್ಲಿಟ್ಟರೂ ಇದೇ ಕಾವು ಬರುತ್ತದೆ, ಕರೆಂಟು ಬೇಡ ಎಂದೂ ಹೇಳಿದ. ಒಂದು ಲಕ್ಷದ ನಲವತ್ತು ಸಾವಿರದ ವ್ಯಾಪಾರವನ್ನು ಒಂದು ಬಾಣಲೆಗೆ ಇಳಿಸಿದ ಮಗನ ಬಗ್ಗೆ ಮೆಹಬೂಬ್ ಪಾಷಾ ಆ ರಾತ್ರಿ ಏನು ಹೇಳಿದರೆಂಬುದು ಹಾಲ್ಕುರಿಕೆಗೆ ತಲುಪಲಿಲ್ಲ.

"ಕಡೆಗೆ ಏನ್ ಮಾಡ್ತೀರಣ್ಣಾ?" ಎಂದು ಆಟೋ ಹತ್ತುವಾಗ ಕೇಳಿದ. "ಕಟ್ಟೋದಾ, ಕೊಳ್ಳೋದಾ?"

ಶಂಭುಲಿಂಗಯ್ಯ ಗದ್ದದ ಮೇಲೆ ಕೈಯಿಟ್ಟರು.

"ಎರಡೂ ಬೇಡ, ಹೋಗ್ಬಾರಪ್ಪ" ಎಂದಳು ಭಾಗ್ಯ.

ಜನರೆಲ್ಲ ಹೋದ ಮೇಲೆ ಗುರುಶಾಂತಮ್ಮ ಜಗಲಿಯ ಮೇಲೆ ಕೂತು ಮಗನನ್ನು ಕರೆದರು. "ಕಾಯಿ ಒಣಗ್ಸಾ ಮಿಷನ್ನು ತಂದೋನು ಕಾಯಿ ನೋಡ್ದೆ ಫೋನ್ ನೋಡ್ಕಂಡು ನಿಟ್ಟುಸ್ರು ಬುಡ್ತಾನಾ? ನಂಗೆ ಮೂರ್ನೇ ದಿನಾನೇ ಅನ್ಮಾನ ಬಂದಿತ್ತು. ಯಾವಾಗ ಬಾಯಿ ಬುಡ್ತೀಯ ಅಂತ ಕಾಯ್ತಾ ಇದ್ದೆ." ಸೊಂಟದ ಕೀಲಿಯನ್ನು ಮುಟ್ಟಿ ನೋಡಿಕೊಂಡರು. "ಚಿತ್ತಯ್ಯನ ಕುರಿ ಉಳಿಸ್ದೆ. ಊರ್ ಮುಂದೆ ಮರ್ವಾದೆ ಓಯ್ತದೆ ಅಂತ ಗೊತ್ತಿದ್ರೂ ಹೇಳ್ದೆ. ಒಂದ್ ಕಿತ ನಿನ್ ಬಾಯಾಗೆ ತಟ್ ಅಂತ ಮಾತು ಬಂತು. ಅಷ್ಟು ಸಾಕು."

ಸೊಂಟದಿಂದ ಕೀಲಿಯನ್ನು ಬಿಚ್ಚಿದರು. ನಲವತ್ತು ವರ್ಷದಲ್ಲಿ ಸವೆದು ಬೆಳ್ಳಿಯಂತಾದ ಕೀಲಿ. ಶಂಭುಲಿಂಗಯ್ಯನವರ ಕಣ್ಣು ತುಂಬಿತು. ಎರಡು ಕೈಯನ್ನೂ ಚಾಚಿದರು.

"ಉಡಿದಾರಕ್ಕೆ ಕಟ್ಕಂತೀಯೋ, ಜೇಬಿಗಾಕ್ಕಂತೀಯೋ?" ಎಂದು ಗುರುಶಾಂತಮ್ಮ ಕೇಳಿದರು.

ಶಂಭುಲಿಂಗಯ್ಯ ಬಾಯಿ ತೆರೆದರು. ಉಡಿದಾರಕ್ಕಾದರೆ ಬೀಳುವುದಿಲ್ಲ, ಆದರೆ ಡೇರಿಯಲ್ಲಿ ಎಲ್ಲರೆದುರು ಪಂಚೆ ಸಡಿಲಿಸಬೇಕಾಗುತ್ತದೆ. ಜೇಬಾದರೆ ಸಲೀಸು, ಆದರೆ... 

"ಅವ್ವ" ಎಂದರು, "ಅದೊಂದನ್ನ ಸ್ವಲ್ಪ..."

ಗುರುಶಾಂತಮ್ಮ ಆಗಲೇ ಎದ್ದು ಅಡುಗೆ ಮನೆಯ ಕಡೆ ನಡೆದಿದ್ದರು. ಒಳಗೆ ಭಾಗ್ಯ ರೊಟ್ಟಿ ತಟ್ಟುತ್ತಿದ್ದಳು. ಅವಳ ಕೈ ಹಿಟ್ಟಾಗಿದ್ದರಿಂದ ಅತ್ತೆಯೇ ಸೆರಗು ಸರಿಸಿ ಕೀಲಿಯನ್ನು ಅವಳ ಸೊಂಟಕ್ಕೆ ಸಿಗಿಸಿದರು.

"ಮಾರೋದು ಯಾವಾಗ ಅತ್ತೆ?" ಎಂದಳು ಭಾಗ್ಯ, ತಲೆಯೆತ್ತದೆ. "ಸೋಮವಾರನೇ ಹಾಕ್ಬುಡಾನ. ಬೇರೆ ಅಟ್ಟ ಯಾವೂ ಒಣಗಿಲ್ಲ, ರೇಟು ನಮ್ದೇ."

"ಊಂ" ಎಂದರು ಗುರುಶಾಂತಮ್ಮ.

ಹೊರಗೆ ಜಗಲಿಯ ಮೇಲೆ ಶಂಭುಲಿಂಗಯ್ಯ ಇನ್ನೂ ಎರಡು ಕೈಯನ್ನೂ ಚಾಚಿಕೊಂಡೇ ಕೂತಿದ್ದರು. ಅಷ್ಟರಲ್ಲಿ ಅವರು, ಉಡಿದಾರವೇ ಸರಿ ಎಂಬ ತೀರ್ಮಾನದ ಬಹಳ ಹತ್ತಿರಕ್ಕೆ ಬಂದಿದ್ದರು.